ನೋಡುವವನಿಗೊಂದು ಜಾಗ

ಸಂತರಿಗೂ ಖಾತೆಗಳನ್ನು ಹಂಚಿಕೊಡುವ ಪದ್ಧತಿ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಉಂಟು. ಕಳೆದುಹೋದ ವಸ್ತುಗಳಿಗೆ ಸಂತ ಅಂತೋನಿ, ಸಂಗೀತಕ್ಕೆ ಸಂತ ಸಿಸಿಲಿಯಾ, ಹೀಗೆ. 1958ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಟೆಲಿವಿಷನ್ನಿನ ಖಾತೆಯನ್ನು ಅಸ್ಸೀಸಿಯ ಸಂತ ಕ್ಲಾರಾಗೆ ವಹಿಸಿಕೊಟ್ಟರು. ಹದಿಮೂರನೆಯ ಶತಮಾನದ ಸನ್ಯಾಸಿನಿಗೂ ಈ ಗಾಜಿನ ಪೆಟ್ಟಿಗೆಗೂ ಎಲ್ಲಿಯ ನಂಟು ಎಂದು ಕೇಳುವವರಿಗೆ ಉತ್ತರವಾಗಿ ಒಂದು ಕಥೆ ಇದೆ. 1252ರ ಕ್ರಿಸ್ಮಸ್ ರಾತ್ರಿ ಕ್ಲಾರಾ ಹಾಸಿಗೆ ಹಿಡಿದಿದ್ದಳು. ಜೊತೆಯ ಸೋದರಿಯರೆಲ್ಲ ಪ್ರಾರ್ಥನೆಗೆಂದು ಎದ್ದುಹೋದರು. ಒಂಟಿಯಾಗಿ ಮಲಗಿದ್ದವಳಿಗೆ ದೂರದಲ್ಲಿದ್ದ ಸಂತ ಫ್ರಾನ್ಸಿಸರ ದೇವಾಲಯದ ಹಾಡು ಕೇಳಿಸಿತಂತೆ, ಅಲ್ಲಿಯ ಗೋದಲಿ ಕಾಣಿಸಿತಂತೆ. ಎದುರಿನ ಗೋಡೆಯ ಮೇಲೆಯೇ ಕಾಣಿಸಿತು ಎಂದು ಜನ ಸೇರಿಸಿ ಹೇಳುವುದೂ ಉಂಟು.

ಕಥೆಯ ನಿಜಾನಿಜ ನನಗೆ ಬೇಡ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ಅಷ್ಟೆಲ್ಲ ಕಂಡರೂ ಕ್ಲಾರಾ ಹಾಸಿಗೆ ಬಿಟ್ಟು ಏಳಲಿಲ್ಲ. ದೇವಾಲಯದ ಮಾಡಿನ ಮೇಲೆ ಹಾರಾಡಲಿಲ್ಲ, ಪಾದ್ರಿಗಳ ಹೆಗಲ ಹಿಂದಿನಿಂದ ಇಣುಕಲಿಲ್ಲ. ಬೇನೆಯಲ್ಲಿ ಮಲಗಿದವಳೊಬ್ಬಳು ತನ್ನ ಜಾಗದಿಂದಲೇ ಕಂಡಳು. ಇಂದು ಬಲಿಪೂಜೆಯನ್ನು ನೇರ ಪ್ರಸಾರ ಮಾಡುವವರು ತಮ್ಮ ಈ ಸಂತಳಿಂದ ಕಲಿಯಬೇಕಾದದ್ದು ಇದನ್ನೇ ಎಂದು ನನಗೆ ತೋರುತ್ತದೆ.

ಸಿನಿಮಾದ ಮೇಲೆ ಪುಟಗಟ್ಟಲೆ ಬರೆಯುವ ನಾವು ಈ ಪ್ರಸಾರಗಳ ಮೇಲೆ ಒಂದು ಸಾಲೂ ಬರೆದವರಲ್ಲ. ಅದು ಪೂಜೆ, ಅದಕ್ಕೆಂಥ ವಿಮರ್ಶೆ ಎಂಬ ಸಂಕೋಚ ಇರಬಹುದು. ಪೂಜೆಗೆ ವಿಮರ್ಶೆ ಬೇಡ, ಸರಿ. ಆದರೆ ಯಾವ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಯಾವ ಕ್ಷಣದಲ್ಲಿ ಯಾವ ಚಿತ್ರ ಹೋಗಬೇಕು ಎಂದು ನಿರ್ಧರಿಸುವವನು ಪಾದ್ರಿಯಲ್ಲ, ನಿರ್ದೇಶಕ. ಅವನು ಮಾಡುವುದು ಕಲೆಯ ಕೆಲಸ. ಅದನ್ನು ಒಳ್ಳೆಯದು ಕೆಟ್ಟದ್ದು ಎನ್ನುವ ಹಕ್ಕು ನೋಡುವವನಿಗೆ ಇದ್ದೇ ಇದೆ.

ಈ ಕಲೆಗೆ ಮುಕ್ಕಾಲು ಶತಮಾನದ ವಯಸ್ಸಾಯಿತು. 1948ರ ಡಿಸೆಂಬರ್ 24ರ ನಡುರಾತ್ರಿ ಪ್ಯಾರಿಸ್ಸಿನ ನೋತ್ರ್‌ದಾಮ್ ದೇವಾಲಯದಿಂದ ಕ್ರಿಸ್ಮಸ್ ಪೂಜೆಯ ನೇರ ಪ್ರಸಾರ ನಡೆಯಿತು. ಮರುವರ್ಷ ಅಕ್ಟೋಬರಿನಲ್ಲಿ ರೇಮೊಂ ಪಿಶಾರ್ ಎಂಬ ಡೊಮಿನಿಕನ್ ಪಾದ್ರಿಗಳು ಫ್ರಾನ್ಸಿನಲ್ಲಿ ಭಾನುವಾರದ ಪ್ರಸಾರವನ್ನೇ ಆರಂಭಿಸಿದರು. ‘ಲ ಜೂರ್ ದ್ಯು ಸೆನ್ಯೂರ್’ ಎಂಬ ಆ ಕಾರ್ಯಕ್ರಮ ಇಂದಿಗೂ ನಿಂತಿಲ್ಲ. ಸ್ಟುಡಿಯೋದಲ್ಲಿ ಕಟ್ಟಿದ ಬಲಿಪೀಠವಲ್ಲ ಅದು. ಊರೂರಿಗೆ ಗಾಡಿ ಹೊಡೆದುಕೊಂಡು ಹೋಗಿ, ಆಯಾ ಊರಿನ ಜನ ತಮ್ಮ ಇಗರ್ಜಿಯಲ್ಲಿ ಹಾಡುವುದನ್ನು ಹಾಡಿದ ಹಾಗೆಯೇ ಕೇಳಿಸುವ ಕ್ರಮ.

ವಿರೋಧವೂ ಜೊತೆಗೇ ಹುಟ್ಟಿತು. ವಿರೋಧಿಸಿದವರು ನಾಸ್ತಿಕರಲ್ಲ, ದೇವತಾಶಾಸ್ತ್ರಜ್ಞರೇ. ಜರ್ಮನ್ ಪಂಡಿತ ಕಾರ್ಲ್ ರಾನರ್ 1953ರಲ್ಲಿ ಎತ್ತಿದ ಆಕ್ಷೇಪದ ಸಾರ ಇಷ್ಟು: ಪುರಾತನ ಕ್ರೈಸ್ತ ಸಮಾಜ ದೀಕ್ಷೆಯಾಗದವರನ್ನು ಬಲಿಪೂಜೆಯ ನಡುವೆಯೇ ಹೊರಗೆ ಕಳುಹಿಸುತ್ತಿತ್ತು, ಅತಿ ಪವಿತ್ರವಾದದ್ದನ್ನು ಕಂಡಕಂಡವರ ಕಣ್ಣಿಗೆ ಒಡ್ಡಬಾರದು ಎಂಬ ಲಜ್ಜೆ ಅದರ ಹಿಂದಿತ್ತು, ಟೆಲಿವಿಷನ್ ಆ ಲಜ್ಜೆಯನ್ನು ಮುರಿಯುತ್ತದೆ. ನಮಗೆ ಈ ಮಾತು ಹೊಸದಲ್ಲ. ನಮ್ಮ ದೇವಸ್ಥಾನಗಳಲ್ಲಿ ನೈವೇದ್ಯದ ಹೊತ್ತಿಗೆ ಗರ್ಭಗುಡಿಯ ಬಾಗಿಲು ಹಾಕುತ್ತಾರೆ, ಇಲ್ಲವೆ ತೆರೆ ಎಳೆಯುತ್ತಾರೆ. ಕಾಣದಿರುವುದೂ ದರ್ಶನದ ಒಂದು ಭಾಗ ಎಂದು ತಿಳಿದು ಬೆಳೆದವನಿಗೆ ರಾನರ್ ಅವರ ಆಕ್ಷೇಪ ಅರ್ಧ ಓದುವಷ್ಟರಲ್ಲೇ ಒಪ್ಪಿಗೆಯಾಗುತ್ತದೆ. ನನಗಂತೂ ಆಗಿತ್ತು. ಧರ್ಮಸಭೆ ಮಾತ್ರ ಪ್ರಸಾರವನ್ನು ಬಿಡಲಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಗಳನ್ನು ಕುರಿತ ತನ್ನ ಶಾಸನದಲ್ಲಿ, ಇಂಥ ಪ್ರಸಾರ ವಿವೇಕದಿಂದಲೂ ಘನತೆಯಿಂದಲೂ ನಡೆಯಬೇಕು, ಅದಕ್ಕೆ ಬಿಷಪರು ನೇಮಿಸಿದ ಯೋಗ್ಯರೊಬ್ಬರ ಮೇಲ್ವಿಚಾರಣೆ ಇರಬೇಕು ಎಂದಷ್ಟೇ ಹೇಳಿ ಬಿಟ್ಟಿತು. ವಿವೇಕ ಎಂದರೆ ಎಷ್ಟು ಅಡಿ ದೂರ ಎಂದು ಯಾವ ಶಾಸನವೂ ಹೇಳಲಾರದು. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯದ ಮಾತು ಇಲ್ಲಿ ಅಕ್ಷರಶಃ ಲೆನ್ಸಿಗೆ ಅನ್ವಯಿಸುತ್ತದೆ.

ಔಚಿತ್ಯದ ದೊಡ್ಡ ಪರೀಕ್ಷೆ ನಡೆದದ್ದು 1953ರ ಜೂನ್ 2ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ರಾಜಕೀಯದ ಉತ್ಸವವೆಂದು ನೋಡುವುದು ನಮಗೆ ಅಭ್ಯಾಸ. ವಿಧಿಯಲ್ಲಿ ಅದು ಒಂದು ಕ್ರೈಸ್ತ ಆರಾಧನೆ. ಒಳಗಿನ ಮುಖ್ಯಭಾಗಕ್ಕೆ ನೇರ ಪ್ರಸಾರದ ಕ್ಯಾಮೆರಾ ಕೂಡದು ಎಂದು ಮೊದಲು ಹೇಳಿದ್ದರು. ಪತ್ರಿಕೆಗಳಲ್ಲಿ ಗದ್ದಲವೆದ್ದು, 1952ರ ಡಿಸೆಂಬರಿನಲ್ಲಿ ಆ ನಿರ್ಧಾರ ತಿರುಗಿತು. ಕ್ಲೋಸಪ್ ಬೇಡವೆಂಬ ಷರತ್ತು ಮಾತ್ರ ಉಳಿಯಿತು. ಬಿ.ಬಿ.ಸಿ.ಯ ನಿರ್ಮಾಪಕ ಪೀಟರ್ ಡಿಮ್ಮಾಕ್ ತಾನೇ ಮುಂದೆ ಹೇಳಿಕೊಂಡ ಹಾಗೆ, ಪರೀಕ್ಷೆಗೆ ಬಂದ ದೊಡ್ಡವರಿಗೆ ಎಲ್ಲವನ್ನೂ ದೂರವಾಗಿಸುವ ಲೆನ್ಸ್ ಹಾಕಿ ತೋರಿಸಿ, ಆ ದಿನ ಹತ್ತಿರಕ್ಕೆ ಎಳೆಯುವ ಲೆನ್ಸನ್ನೇ ಬಳಸಿದನಂತೆ! ಕಳ್ಳತನವೇ ಸರಿ. ಆದರೆ ಆ ಕಳ್ಳನಿಗೂ ಒಂದು ಗೆರೆ ಇತ್ತು. ಪವಿತ್ರ ತೈಲದ ಅಭಿಷೇಕದ ಹೊತ್ತಿಗೆ ನಾಲ್ವರು ಬಂಗಾರದ ಬಟ್ಟೆಯ ಮೇಲ್ಕಟ್ಟನ್ನು ರಾಣಿಯ ಮೇಲೆ ಹಿಡಿದರು. ಅಭಿಷೇಕವನ್ನೂ ಅನಂತರದ ಪ್ರಸಾದ ಸ್ವೀಕಾರವನ್ನೂ ಕ್ಯಾಮೆರಾ ತೋರಿಸಲಿಲ್ಲ. ಬ್ರಿಟನ್ನಿನಲ್ಲಿ ಸುಮಾರು 2 ಕೋಟಿ ಜನ ನೋಡಿದರು. ಅವರೆಲ್ಲರ ನೆನಪಿನಲ್ಲಿ ಆ ದಿನದ ಗಹನ ಕ್ಷಣವೆಂದು ಉಳಿದದ್ದು ಅವರಿಗೆ ತೋರಿಸದಿದ್ದ ಕ್ಷಣವೇ ಇದ್ದೀತು ಎಂದು ನನ್ನ ಊಹೆ. ಎಪ್ಪತ್ತು ವರ್ಷ ಕಳೆದು, 2023ರ ಮೇ ತಿಂಗಳಲ್ಲಿ, ಮಗನ ಪಟ್ಟಾಭಿಷೇಕಕ್ಕೆ ಲೆಕ್ಕವಿಲ್ಲದಷ್ಟು ಕ್ಯಾಮೆರಾ ಬಂದವು. ತೈಲದ ಹೊತ್ತಿಗೆ ಮತ್ತೆ ಮೂರು ಕಡೆ ತೆರೆ ಕಟ್ಟಿದರು.

ರಿಚರ್ಡ್ ಡಿಂಬ್ಲ್‌ಬಿಯ ಅಂದಿನ ವೀಕ್ಷಕ ವಿವರಣೆಯ ಮಾತನ್ನೂ ಸೇರಿಸಬೇಕು. ಎಲ್ಲಿ ಸುಮ್ಮನಿರಬೇಕೆಂದು ಬಲ್ಲವನ ಮಾತು ಅದು. ಪಕ್ಕದಲ್ಲಿ ಕೂತ ತಿಳಿದವನೊಬ್ಬ ಅಗತ್ಯವಿದ್ದಾಗ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ನಮ್ಮಲ್ಲಿ ಅರ್ಪಣೆಯ ಹಾಡಿನ ಮೇಲೆಯೇ ದಾನಿಗಳ ಹೆಸರು ಓದುವ ನಿರೂಪಕರನ್ನು ಕೇಳಿದವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ.

ನಮ್ಮಲ್ಲಿ ಎಂದೆ. ಕರಾವಳಿಯ ಮಾತಿಗೆ ಬರುತ್ತೇನೆ. ಮಂಗಳೂರು ಉಡುಪಿಗಳ ಸುತ್ತ ಈಗ ಹಬ್ಬದ ಪೂಜೆಯ ನೇರ ಪ್ರಸಾರವಿಲ್ಲದ ಇಗರ್ಜಿ ಅಪರೂಪ. ಮನೆಮನೆಯಿಂದ ಮಕ್ಕಳು ಕೊಲ್ಲಿ ನಾಡುಗಳಿಗೆ ಹೋಗಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ತೆನೆಯನ್ನು ಅವರು ಪರದೆಯ ಮೇಲೆ ಕಾಣಬೇಕು. ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಕೃಪೆಯಿಂದ, ಒಂದು ಊರಿನ ವಾರ್ಷಿಕ ಹಬ್ಬದಂದು ಇಗರ್ಜಿಯ ಹಿಂದೆ ನಿಲ್ಲಿಸಿದ್ದ ಪ್ರಸಾರದ ವ್ಯಾನಿನೊಳಗೆ ಕೂರುವ ಅವಕಾಶ ನನಗೆ ಸಿಕ್ಕಿತು. ಹೊರಗೆ ಜನರೇಟರಿನ ಗುಡುಗು, ಒಳಗೆ ನಡುಗುವಷ್ಟು ತಂಪು. ಎದುರು ಐದು ಕ್ಯಾಮೆರಾಗಳ ಐದು ಚಿತ್ರ, ಮೇಲೆ ಹಾರುತ್ತಿದ್ದ ಡ್ರೋನಿನದು ಆರನೆಯದು. ನಿರ್ದೇಶಕ ಮೂವತ್ತರ ಯುವಕ. ಕಿವಿಗೆ ಕಟ್ಟಿದ ಮೈಕಿನಲ್ಲಿ “ಎರಡು, ರೆಡಿ... ಎರಡು ಹೋಗಲಿ... ನಾಲ್ಕು, ಸ್ವಲ್ಪ ಅಗಲ ಮಾಡು” ಎಂದು ಆತ ತಡೆಯಿಲ್ಲದೆ ಹೇಳುತ್ತಿದ್ದ ಚುರುಕು ನೋಡಿ ನನಗೆ ಮೆಚ್ಚುಗೆಯಾಯಿತು. ನೇರ ಪ್ರಸಾರದಲ್ಲಿ ತಿದ್ದುವ ಅವಕಾಶವಿಲ್ಲ. ಹೋದ ಚಿತ್ರ ಹೋಯಿತು.

ಆದರೆ ಆ ಯುವಕ ವಾರದ ಉಳಿದ ದಿನಗಳಲ್ಲಿ ಮದುವೆಗಳ ಚಿತ್ರ ತೆಗೆಯುವವನು. ಮದುವೆಯ ವ್ಯಾಕರಣವನ್ನೇ ಬಲಿಪೀಠಕ್ಕೂ ತಂದಿದ್ದ. ಮದುವೆಯಲ್ಲಿ ಯಾವ ಮುಖವನ್ನೂ ಬಿಡುವ ಹಾಗಿಲ್ಲ. ನಾಲ್ಕು ಸೆಕೆಂಡಿಗಿಂತ ಹೆಚ್ಚು ಒಂದು ಚಿತ್ರ ನಿಂತರೆ ಬೇಸರ. ಇಲ್ಲಿಯೂ ಹಾಗೆಯೇ ಆಯಿತು. ಕಣ್ಣು ಮುಚ್ಚಿ ಅಳುತ್ತಿದ್ದ ಹೆಂಗಸೊಬ್ಬಳ ಮುಖ ಪರದೆ ತುಂಬ ಬಂತು. ಯಾವ ದುಃಖವನ್ನು ಹೊತ್ತು ಬಂದಿದ್ದಳೋ. ಅದನ್ನು ದುಬಾಯಿಯವರೆಗೂ ತೋರಿಸಲು ಅವಳು ಬಂದಿರಲಿಲ್ಲ. ಆಮೇಲೆ ಪಾದ್ರಿಗಳು ರೊಟ್ಟಿಯನ್ನು ಮೇಲೆತ್ತಿ ಹಿಡಿಯುವ ಕ್ಷಣ, ಗಂಟೆ ಬಾರಿಸಿತು. ಇಗರ್ಜಿಯೊಳಗೆ ತಲೆಗಳೆಲ್ಲ ಬಾಗಿದ್ದವು. ಪ್ರಸಾರದಲ್ಲಿ ಹೋದದ್ದು ಆರನೆಯ ಚಿತ್ರ: ಇರುಳಿನಲ್ಲಿ ಬಣ್ಣದ ದೀಪಗಳಿಂದ ಜಗಜಗಿಸುವ ಇಗರ್ಜಿಯ ಮಾಡು, ಮೇಲಿನಿಂದ. ಚಿತ್ರ ಸುಂದರವಾಗಿತ್ತು. ಪೂಜಾಗ್ರಂಥವನ್ನು ಮೊದಲೇ ಓದಿ ಗುರುತು ಹಾಕಿಟ್ಟುಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಟಕವನ್ನು ಓದದೆ ನಾಟಕ ಆಡಿಸುವವರುಂಟೆ? ಇದಕ್ಕೆ ಆ ಹುಡುಗನಿಗಿಂತ ಅವನನ್ನು ಕರೆಸಿದವರೇ ಹೆಚ್ಚು ಹೊಣೆ.

ಆ ಊರಿನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದರು. ನಿವೃತ್ತ ಶಿಕ್ಷಕಿ, ಊರಿಗೆಲ್ಲ ‘ಟೀಚರ್’. ಸೊಂಟದ ಮೂಳೆ ಮುರಿದ ಮೇಲೆ ಮಂಚ ಬಿಟ್ಟು ಇಳಿದವರಲ್ಲ. ಮರುದಿನ ಅವರನ್ನು ನೋಡಲು ಹೋದೆ. ರಾನರ್ ಅವರ ಪಕ್ಷ ಹಿಡಿದು, ಇಂಥ ಪ್ರಸಾರವೇ ಬೇಡ ಎಂದು ಬರೆಯುವ ಹುಮ್ಮಸ್ಸಿನಲ್ಲಿದ್ದೆ. ಹಿಂದಿನ ಸಂಜೆ ನೋಡಿದಿರಾ ಎಂದು ಕೇಳಿದೆ.

“ನೋಡದೆ ಮತ್ತೆ? ಗಂಟೆ ಕೇಳಿತು, ತಲೆಗೆ ಸೆರಗು ಹಾಕಿಕೊಂಡೆ. ಎದುರಿಗೆ ನೋಡಿದರೆ ಹಂಚು!” ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಜನ ಉತ್ತರ ಕೊಡುವುದು ಕೇಳುವುದೇ ಇಲ್ಲ ನೋಡಿ. ಪಾದ್ರಿಯವರೊಬ್ಬರೇ ಮಾತಾಡಿಕೊಂಡ ಹಾಗೆ. ನಮ್ಮ ಇಗರ್ಜಿಯಲ್ಲಿ ಎಷ್ಟು ಕೆಮ್ಮು, ಎಷ್ಟು ಮಕ್ಕಳ ಗಲಾಟೆ! ಅದೆಲ್ಲ ಎಲ್ಲಿಗೆ ಹೋಯಿತು?” ಎಂದರು.

ನಾನು ವ್ಯಾನಿನೊಳಗೆ ಕೂತು ಗಮನಿಸದೆ ಬಿಟ್ಟದ್ದನ್ನು ಟೀಚರ್ ಮಂಚದಿಂದಲೇ ಹಿಡಿದಿದ್ದರು. ಬಲಿಪೀಠದ ಮೇಲೊಂದು, ವಾಚನಪೀಠದ ಮೇಲೊಂದು, ಗಾಯಕರಿಗೆ ಎರಡು ಮೈಕು ಇದ್ದವು. ಜನರ ಮೇಲೆ ಒಂದೂ ಇರಲಿಲ್ಲ. ಎತ್ತರದ ಮಾಡಿನ ಇಗರ್ಜಿಯಲ್ಲಿ ಜನರ ದನಿಗೆ ಮೈಕು ಕೊಟ್ಟರೆ ಪ್ರತಿಧ್ವನಿ ಬರುತ್ತದೆ, ಮಾತು ಕಲಸಿಹೋಗುತ್ತದೆ ಎಂದು ಧ್ವನಿಯವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಆದರೆ ಬಲಿಪೂಜೆ ಭಾಷಣವಲ್ಲ. ಪಾದ್ರಿಗಳು ಕರೆಯುತ್ತಾರೆ, ಜನ ಓಗೊಡುತ್ತಾರೆ. ಓಗೊಡುವ ದನಿ ಕೇಳದಿದ್ದರೆ ಮನೆಯಲ್ಲಿ ಮಲಗಿರುವ ಮುದುಕಿ ಯಾರ ಜೊತೆ ದನಿಗೂಡಿಸಬೇಕು?

ಅವರ ಮಾತು ಕೇಳಿದ ಮೇಲೆ ರಾನರ್ ಅವರ ಪಕ್ಷವನ್ನು ಪೂರ್ತಿ ಹಿಡಿಯುವುದು ನನ್ನಿಂದಾಗಲಿಲ್ಲ. ತೋರಿಸಬಾರದು ಎಂಬ ಆಕ್ಷೇಪ ನೋಡುವವನನ್ನು ಹೊರಗಿನವನೆಂದು ಎಣಿಸಿ ಆಡಿದ ಮಾತು. ಹೊರಗೆ ಉಳಿದ ಒಳಗಿನವರೂ ಇರುತ್ತಾರೆ. ಅವರಿಗೆ ಬೇಕಾದದ್ದು ಎಲ್ಲ ಕಡೆಯ ಕಣ್ಣಲ್ಲ, ಒಂದು ಕಡೆಯ ಜಾಗ. ಆರು ಕ್ಯಾಮೆರಾಗಳು ಆರು ದಿಕ್ಕಿನಿಂದ ನಾಲ್ಕು ಸೆಕೆಂಡಿಗೊಮ್ಮೆ ಎತ್ತಿ ಕುಕ್ಕಿದರೆ ನೋಡುವವನು ಎಲ್ಲಿಯೂ ಕೂತಂತಾಗುವುದಿಲ್ಲ. ಕೂತಲ್ಲದೆ ಮೊಣಕಾಲೂರುವುದು ಹೇಗೆ? ಬೆಂಚಿನಲ್ಲಿ ಕೂತವನು ಕಾಣುವ ಎತ್ತರದಲ್ಲಿ ಒಂದು ಕ್ಯಾಮೆರಾ ಸ್ಥಿರವಾಗಿದ್ದು, ಆಗಾಗ ಅದಕ್ಕೆ ಮರಳುತ್ತಿದ್ದರೆ ಉಳಿದವು ಎಷ್ಟಾದರೂ ಸುತ್ತಲಿ.

ನಾನು ಕಂಡ ಪ್ರಸಾರಗಳಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಈ ಮಾತನ್ನು ವಿಚಿತ್ರ ರೀತಿಯಲ್ಲಿ ಸಾಧಿಸಿತು. 2020ರ ಮಾರ್ಚ್ 27, ಶುಕ್ರವಾರ. ನಮ್ಮಲ್ಲಿ ದೇಶವೆಲ್ಲ ಬಾಗಿಲು ಹಾಕಿ ಮೂರನೆಯ ದಿನ, ರಾತ್ರಿ ಹತ್ತೂವರೆ. ರೋಮಿನಲ್ಲಿ ಸಂಜೆ ಆರು. ಸಂತ ಪೇತ್ರರ ಚೌಕದಲ್ಲಿ ಒಬ್ಬರೂ ಇಲ್ಲ. ಮಳೆ. ಬಿಳಿ ಉಡುಪಿನ ಪೋಪ್ ಫ್ರಾನ್ಸಿಸ್ ಸ್ವಲ್ಪ ಕುಂಟುತ್ತ ಆ ಏರನ್ನು ಹತ್ತುತ್ತಾರೆ. ಕ್ಯಾಮೆರಾ ದೂರದಲ್ಲಿಯೇ ನಿಂತಿದೆ, ಆತುರಪಡಿಸುವುದಿಲ್ಲ. 1522ರ ಪ್ಲೇಗಿನ ಕಾಲಕ್ಕೆ ರೋಮಿನ ಬೀದಿಗಳಲ್ಲಿ ಹೊತ್ತು ನಡೆದಿದ್ದ ಸಾನ್ ಮಾರ್ಚೆಲ್ಲೊ ಇಗರ್ಜಿಯ ಮರದ ಶಿಲುಬೆಯನ್ನು ತಂದು ನಿಲ್ಲಿಸಿದ್ದಾರೆ. ಅದರ ಮೈಮೇಲೆ ಮಳೆನೀರು ಹರಿಯುವುದು ಹತ್ತಿರದಿಂದ ಕಾಣುತ್ತದೆ. ಕ್ಲೋಸಪ್ಪನ್ನು ಇಷ್ಟು ಹೊತ್ತು ಬೈದ ನಾನು ಇದಕ್ಕೆ ತಲೆಬಾಗುತ್ತೇನೆ. ಅಳುವ ಮನುಷ್ಯರ ಮುಖವನ್ನು ಬಿಟ್ಟು ನೆನೆದ ಮರವನ್ನು ತೋರಿಸಿದ್ದು ಔಚಿತ್ಯ. ಅನಂತರ ಪ್ರಸಾದದ ಮುಂದೆ ದೀರ್ಘ ಮೌನ. ಟೆಲಿವಿಷನ್ನಿನವರು ಮೌನವನ್ನು ಕಂಡರೆ ಬೆಂಕಿ ಕಂಡ ಹಾಗೆ ಓಡುವವರು; ಅಂದು ಯಾರೂ ಅದನ್ನು ತುಂಬಲು ಹೋಗಲಿಲ್ಲ. ಆಶೀರ್ವಾದದ ಹೊತ್ತಿಗೆ ಗಂಟೆಗಳ ಜೊತೆಗೆ ಎಲ್ಲಿಂದಲೋ ಆಂಬುಲೆನ್ಸಿನ ಕೂಗು ಬೆರೆಯಿತು. ಯಾವ ನಿರ್ದೇಶಕನೂ ಬರೆದಿಟ್ಟುಕೊಳ್ಳಲಾಗದ ಸದ್ದು ಅದು. ಅದನ್ನು ಅಳಿಸದೆ ಹಾಗೆಯೇ ಹೋಗಗೊಟ್ಟದ್ದೇ ನೇರ ಪ್ರಸಾರದ ಸಾರ್ಥಕತೆ. ಚೌಕದಲ್ಲಿ ಯಾರಿಗೂ ಜಾಗವಿರಲಿಲ್ಲ. ಲೋಕವೆಲ್ಲ ಟೀಚರ್ ಇದ್ದ ಜಾಗದಲ್ಲಿಯೇ ಇತ್ತು.

ಟೀಚರ್ ಅವರ ಮಾತನ್ನು ಪೂರ್ತಿ ಹೇಳಿಲ್ಲ. ಅಂದು ಹೊರಡುವಾಗ, “ನಿಮಗೆ ಅವರ ಗುರ್ತ ಉಂಟಲ್ಲ, ಬರುವ ವರ್ಷ ಹೆಂಗಸರ ಬದಿಯ ಮೂರನೆಯ ಕಂಬದ ಹತ್ತಿರ ಒಂದು ಕ್ಯಾಮೆರಾ ಇಡಲಿಕ್ಕೆ ಹೇಳಿ” ಎಂದರು. ನಾನು ಆ ಯುವಕನಿಗೆ ಫೋನು ಮಾಡಿ ಹೇಳಿದೆ. ಒಳ್ಳೆಯ ಹುಡುಗ, ತಳ್ಳಿಹಾಕಲಿಲ್ಲ. ಹೋಗಿ ನೋಡಿಕೊಂಡೂ ಬಂದ. ಅಲ್ಲಿಂದ ಕಂಬ ಅಡ್ಡ ಬರುತ್ತದೆ, ಬಲಿಪೀಠ ಅರ್ಧವೇ ಕಾಣುತ್ತದೆ ಎಂದ. ಅದನ್ನು ಟೀಚರಿಗೆ ತಿಳಿಸಿದೆ.

“ಅಷ್ಟೇ ಕಾಣುವುದು. ನಾನು ನಲವತ್ತು ವರ್ಷ ಅಲ್ಲಿಯೇ ಕೂತದ್ದಲ್ಲವಾ?” ಎಂದರು.