ಸ್ಪೈಕ್ ಬಸ್ಟರ್: ಅರೆಬರೆ ಕಾವಲಿನ ಒಂದು ಪರಿಶೀಲನೆ

ಟಿ.ವಿ., ಕಂಪ್ಯೂಟರ್, ವೈಫೈ ರೂಟರ್‌ಗಳ ರಕ್ಷಣೆಗೆಂದು ಮನೆಮನೆಗಳಲ್ಲಿ ಬಳಕೆಗೆ ಬಂದಿರುವ ಸ್ಪೈಕ್ ಬಸ್ಟರ್‌ಗಳನ್ನು ಗ್ರಾಹಕರು ಸಾಕೆಟ್‌ಗಳ ಸಂಖ್ಯೆ, ವೈರಿನ ಉದ್ದ ಮತ್ತು ಬೆಲೆಯನ್ನು ನೋಡಿ ಕೊಳ್ಳುತ್ತಾರೆಯೇ ಹೊರತು, ರಕ್ಷಣೆಯ ಕೆಲಸ ಮಾಡುವ ಭಾಗ ಅದರೊಳಗೆ ಇದೆಯೇ ಎಂದು ವಿಚಾರಿಸುವವರು ವಿರಳ. ಎಂಒವಿ ಎಂದು ಕರೆಯಲಾಗುವ ಆ ಭಾಗವು ಮುಖ್ಯವಾಗಿ ಸತುವಿನ ಆಕ್ಸೈಡಿನಿಂದ ಮಾಡಿದ ಪುಟ್ಟ ಬಿಲ್ಲೆಯಾಗಿದ್ದು, ಸಾಧಾರಣ ವೋಲ್ಟೇಜಿನಲ್ಲಿ ವಿದ್ಯುತ್ತಿಗೆ ದಾರಿಗೊಡದೆ, ಸಿಡಿಲಿನ ಪರಿಣಾಮವಾಗಿ ಮೈಕ್ರೋಸೆಕೆಂಡುಗಳ ಕಾಲ ಸಾವಿರಾರು ವೋಲ್ಟುಗಳ ಹೊಡೆತ ಬಂದಾಗ ತಟ್ಟನೆ ತೆರೆದುಕೊಂಡು, ಆ ಪ್ರವಾಹವನ್ನು ನ್ಯೂಟ್ರಲ್‌ಗೆ ಅಥವಾ ಅರ್ಥ್ ವೈರಿನ ಮೂಲಕ ನೆಲಕ್ಕೆ ಹರಿಸುತ್ತದೆ.

ಇಲ್ಲಿಯೇ ಸ್ಪೈಕ್ ಬಸ್ಟರನ್ನೇ ನೆಚ್ಚುವ ರೂಢಿಯ ಮೊದಲ ದೋಷವಿದೆ. ಅರ್ಥಿಂಗ್ ಗುಂಡಿ ಒಣಗಿರುವ, ಅಥವಾ ಮೂರನೆಯ ಪಿನ್ನಿಗೆ ವೈರನ್ನೇ ಕೊಡದಿರುವ ಮನೆಯಲ್ಲಿ ನೆಲಕ್ಕೆ ಹರಿಯುವ ದಾರಿ ಮುಚ್ಚಿರುವುದರಿಂದ, ಎಷ್ಟೇ ದುಬಾರಿಯ ಸ್ಪೈಕ್ ಬಸ್ಟರ್ ಆದರೂ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು.

ಎರಡನೆಯ ದೋಷ ಇನ್ನೂ ಗಂಭೀರವಾದುದು. ಕಂಬದ ಬಳಿ ನ್ಯೂಟ್ರಲ್ ತುಂಡಾದಾಗ 230 ವೋಲ್ಟಿನ ಜಾಗದಲ್ಲಿ 400ರ ಆಸುಪಾಸಿನ ವೋಲ್ಟೇಜ್ ಮನೆಯೊಳಕ್ಕೆ ನುಗ್ಗಿ ಕೆಲವು ನಿಮಿಷಗಳವರೆಗೂ ಇರಬಹುದು. ಇದು ಕ್ಷಣಿಕ ಹೊಡೆತವಲ್ಲವಾದ್ದರಿಂದ, ಸಾಮಾನ್ಯವಾಗಿ 275 ವೋಲ್ಟಿಗೆ ನಿಗದಿಯಾದ ಎಂಒವಿ ಇದನ್ನು ತಡೆಯುವ ಬದಲು ತಾನೇ ಕಾದು ಸುಟ್ಟುಹೋಗುತ್ತದೆ, ಶಾಖದ ಫ್ಯೂಸ್ ಇಲ್ಲದಿದ್ದರೆ ಬೆಂಕಿಗೂ ಕಾರಣವಾಗಬಹುದು. ಇಂಥ ಏರಿಕೆಗೆ ಬೇಕಾದುದು ವೋಲ್ಟೇಜ್ ಮಿತಿಮೀರಿದೊಡನೆ ಸಂಪರ್ಕ ಕಡಿಯುವ ಸಾಧನ. ವೋಲ್ಟೇಜಿನ ದಿನನಿತ್ಯದ ಏರಿಳಿತವನ್ನು ಸರಿದೂಗಿಸುವ ಸ್ಟೆಬಿಲೈಸರ್‌ನ ಕೆಲಸವೂ ಬೇರೆಯೇ ಆದರೂ, ಅಂಗಡಿಗಳಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಮಾರಲಾಗುತ್ತದೆ.

ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗುವ ಜೂಲ್ ಸಂಖ್ಯೆ, ಅಂದರೆ ಬಿಲ್ಲೆ ಹೀರಬಲ್ಲ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ನಿಜವಾದರೂ, ಹೊಡೆತದ ಹೊತ್ತಿನಲ್ಲಿ ಉಪಕರಣವನ್ನು ತಲುಪುವ ವೋಲ್ಟೇಜಿನ ಮಿತಿಯನ್ನು ಹೇಳುವ ಕ್ಲ್ಯಾಂಪಿಂಗ್ ವೋಲ್ಟೇಜ್ ಕಡಿಮೆಯಿರುವುದೂ ಅಷ್ಟೇ ಮುಖ್ಯ. ಪ್ರತಿ ಹೊಡೆತಕ್ಕೂ ಬಿಲ್ಲೆ ಸವೆಯುತ್ತದೆ. ಆದರೆ ಅಗ್ಗದ ಮಾದರಿಗಳ ಕೆಂಪು ದೀಪ ಕರೆಂಟ್ ಇದೆ ಎಂದಷ್ಟೇ ತಿಳಿಸುತ್ತದೆ, ರಕ್ಷಣೆ ಉಳಿದಿದೆಯೇ ಎಂಬುದನ್ನಲ್ಲ. ಈ ಮೌನವನ್ನು ತಯಾರಕರ ಜಾಣತನವೆಂದೇ ಹೇಳಬೇಕಾಗುತ್ತದೆ.

ಆದ್ದರಿಂದ ಐಇಸಿ 61643-11 ಮಾನದಂಡದ ಎರಡನೆಯ ದರ್ಜೆಯ (ಟೈಪ್ 2) ಸರ್ಜ್ ರಕ್ಷಣಾ ಸಾಧನವನ್ನು ಮುಖ್ಯ ವಿತರಣಾ ಪೆಟ್ಟಿಗೆಯಲ್ಲಿ ಅಳವಡಿಸಿ, ಸ್ಪೈಕ್ ಬಸ್ಟರನ್ನು ಉಪಕರಣದ ಬಳಿಯ ಪೂರಕ ಕಾವಲಾಗಿ ಮಾತ್ರ ಇರಿಸುವುದು ಯುಕ್ತ. ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ಗಿನೊಡನೆ ಕೇಬಲ್ ಮತ್ತು ಇಂಟರ್‌ನೆಟ್ ವೈರುಗಳನ್ನೂ ಕಿತ್ತಿಡುವ ಹಳೆಯ ಅಭ್ಯಾಸಕ್ಕೆ ಇವು ಯಾವುವೂ ಬದಲಿಯಲ್ಲ. ಕೊಳ್ಳುವವರು ಮೊದಲ ಖರ್ಚನ್ನು ಅರ್ಥಿಂಗ್ ಪರೀಕ್ಷೆಗೆ ಮಾಡಲಿ, ಸ್ಪೈಕ್ ಬಸ್ಟರಿನ ಆಯ್ಕೆ ಆಮೇಲಿನದು.