‘ತುಂಗ್’ ಎಂಬ ಚೀನೀ ಅಕ್ಷರದ ವಿಚಾರ

ಕನ್ನಡದ ಮೂಡಣವೆಂಬ ಮಾತು ‘ಮೂಡು’ ಎಂಬ ಧಾತುವಿನಿಂದಲೂ ಪಡುವಣವೆಂಬ ಮಾತು ‘ಪಡು’ ಎಂಬ ಧಾತುವಿನಿಂದಲೂ ಹುಟ್ಟಿದುವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಸೂರ್ಯನು ಮೂಡುವ ಕಡೆ ಮೂಡಣ. ಪಡುವ ಕಡೆ ಪಡುವಣ. ಇಂಥ ಮಾತುಗಳನ್ನು ನಿತ್ಯವೂ ಆಡುವ ನಮಗೆ, ಚೀನೀಯರು ಪೂರ್ವದಿಕ್ಕಿಗೆ ಬರೆಯುವ ಅಕ್ಷರವು ಮರದ ಕೊಂಬೆಗಳಲ್ಲಿ ಸಿಕ್ಕಿಕೊಂಡ ಉದಯಸೂರ್ಯನ ಚಿತ್ರವೆಂದು ಯಾರಾದರೂ ಹೇಳಿದರೆ ಥಟ್ಟನೆ ಒಪ್ಪಿಗೆಯಾಗುತ್ತದೆ. ಚೀನೀ ಲಿಪಿಯ ಸೊಬಗಿಗೆ ಈ ಅಕ್ಷರವನ್ನು ನಿದರ್ಶನವಾಗಿ ಎತ್ತಿಕೊಳ್ಳುವುದು ವಾಡಿಕೆಯಾಗಿ ಹೋಗಿದೆ. ಆಧುನಿಕ ಇಂಗ್ಲಿಷ್ ಕಾವ್ಯದ ಪಾಠಗಳಿಗೂ ಆ ವಾಡಿಕೆಯು ನುಸುಳಿದೆ. ಆದರೆ ಈ ಅಕ್ಷರದ ಮೂಲದಲ್ಲಿ ಸೂರ್ಯನೂ ಇಲ್ಲ, ಮರವೂ ಇಲ್ಲ. ಲಿಪಿಶಾಸ್ತ್ರಜ್ಞರು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದರೂ ಕಾವ್ಯವಿಮರ್ಶೆಯು ಅದಕ್ಕೆ ಸಾಕಷ್ಟು ಕಿವಿಗೊಟ್ಟಂತೆ ತೋರುವುದಿಲ್ಲ. ಅದರ ಫಲವಾಗಿ, ಒಂದು ದೊಡ್ಡ ಕಾವ್ಯಪರಂಪರೆಯನ್ನು ಕೇಳುವುದನ್ನು ಬಿಟ್ಟು ನೋಡುವುದಷ್ಟೇ ಸಾಕೆಂಬ ಭಾವನೆ ಬೆಳೆದಿದೆ.

ಅಕ್ಷರದ ಹೆಸರನ್ನು ‘ತುಂಗ್’ ಎಂದು ಬರೆದಿದ್ದೇನೆ. ಅದರ ಮೊದಲ ವ್ಯಂಜನವು ಘೋಷವೂ ಅಲ್ಲ, ಮಹಾಪ್ರಾಣವೂ ಅಲ್ಲ. ನಮ್ಮ ತಕಾರಕ್ಕೆ ಹತ್ತಿರವಾದುದು. ಈಗಿನ ರೋಮನ್ ಬರವಣಿಗೆಯಲ್ಲಿ ಅದಕ್ಕೆ ‘ಡಿ’ ಎಂಬ ಅಕ್ಷರವನ್ನು ಹಾಕುವುದರಿಂದ, ಹಿಂದೆ ಮಾವೋ ತ್ಸೆ-ತುಂಗ್ ಎಂದು ಅಚ್ಚಾಗುತ್ತಿದ್ದ ಹೆಸರು ನಮ್ಮ ಪತ್ರಿಕೆಗಳಲ್ಲಿ ಮಾವೋ ಜೆಡಾಂಗ್ ಆಗಿದೆ. ಆ ಹೆಸರಿನ ಕೊನೆಯ ಅಕ್ಷರವು ಇದೇ. ಕಿವಿಯ ಮಟ್ಟಿಗೆ ಹಳೆಯ ಬರಹವೇ ಲೇಸು.

ಪೂರ್ವಪಕ್ಷವನ್ನು ಮೊದಲು ನೋಡೋಣ. ಅಮೆರಿಕದ ಅರ್ನೆಸ್ಟ್ ಫೆನೊಲೋಸಾ 1878ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕನಾಗಿ ಹೋಗಿ, ಮುಂದೆ ಜಪಾನೀ ಪಂಡಿತರ ಬಳಿ ಚೀನೀ ಕಾವ್ಯವನ್ನು ಓದಿ, ಹಲವು ಟಿಪ್ಪಣಿಗಳನ್ನು ಉಳಿಸಿ 1908ರಲ್ಲಿ ತೀರಿಕೊಂಡನು. ಆ ಕಾಗದಗಳು ಅವನ ಪತ್ನಿಯ ಮೂಲಕ 1913ರಲ್ಲಿ ಎಜ್ರಾ ಪೌಂಡನ ಕೈಸೇರಿದುವು. ಅವುಗಳ ಆಧಾರದಿಂದ ಪೌಂಡನು 1915ರಲ್ಲಿ ‘ಕ್ಯಾಥೇ’ ಎಂಬ ಕವನಸಂಗ್ರಹವನ್ನು ತಂದನು. ಚೀನೀ ಲಿಪಿಯು ಕಾವ್ಯಕ್ಕೆ ಹೇಗೆ ಮಾಧ್ಯಮವಾಗಬಲ್ಲುದೆಂಬ ಫೆನೊಲೋಸಾನ ಪ್ರಬಂಧವನ್ನು 1919ರಲ್ಲಿ ಪ್ರಕಟಿಸಿದನು. ಆ ಪ್ರಬಂಧದ ಕೊನೆಯಲ್ಲಿ, ಸೂರ್ಯನು ಪೂರ್ವದಲ್ಲಿ ಏರುತ್ತಾನೆಂಬ ಅರ್ಥದ ಮೂರಕ್ಷರಗಳ ವಾಕ್ಯವೊಂದಿದೆ. ಮೂರರಲ್ಲಿಯೂ ಸೂರ್ಯನ ಚಿಹ್ನೆಯು ಕಣ್ಣಿಗೆ ಬೀಳುವುದರಿಂದ, ಒಂದು ತಂತಿಯನ್ನು ಮೀಟಿದರೆ ಇನ್ನೊಂದು ಮಿಡಿಯುವಂತೆ ಆಕಾರಗಳೇ ಪರಸ್ಪರ ಮಿಡಿಯುತ್ತವೆಂದೂ, ಚೀನೀ ಕಾವ್ಯದ ಮರ್ಮವು ಇಂಥಲ್ಲಿದೆಯೆಂದೂ ಫೆನೊಲೋಸಾನ ವಾದ. ವಾದವು ಮನೋಹರವಾಗಿದೆ. ಅದು ನಿಂತಿರುವುದು ಮಾತ್ರ ‘ತುಂಗ್’ ಎಂಬ ಕೊನೆಯ ಅಕ್ಷರದ ಮೇಲೆ.

ಇದು ಫೆನೊಲೋಸಾ ಕಟ್ಟಿದ ಕಥೆಯಲ್ಲ. ಕ್ರಿ. ಶ. 100ರಲ್ಲಿ ಷೂ ಷೆನ್ ಎಂಬ ಪಂಡಿತನು ಮುಗಿಸಿದ ‘ಷುವೊ-ವೆನ್’ ಎಂಬ ನಿಘಂಟು ಚೀನೀ ಲಿಪಿಶಾಸ್ತ್ರದ ಮೂಲಗ್ರಂಥ. 9,353 ಅಕ್ಷರಗಳನ್ನು 540 ವರ್ಗಗಳಲ್ಲಿ ವಿಂಗಡಿಸಿ ವಿವರಿಸಿದ ಈ ಗ್ರಂಥವನ್ನು ಅವನ ಮಗನು 121ರಲ್ಲಿ ಚಕ್ರವರ್ತಿಗೆ ಒಪ್ಪಿಸಿದನು. ಇದರಲ್ಲಿ ಷೂ ಷೆನ್ ‘ತುಂಗ್’ ಅಕ್ಷರಕ್ಕೆ ಮೊದಲು ಕೊಡುವ ಅರ್ಥ ‘ಚಲಿಸು’ ಎಂಬುದು. ಚಲಿಸು ಎಂಬ ಅರ್ಥದ ಶಬ್ದವೂ ಸ್ವರಭೇದವೊಂದನ್ನು ಬಿಟ್ಟರೆ ‘ತುಂಗ್’ ಎಂದೇ ಉಚ್ಚರಿತವಾಗುತ್ತದೆ. ಧ್ವನಿಸಾಮ್ಯದಿಂದ ಅರ್ಥವನ್ನು ಹಿಡಿಯುವ ಈ ಕ್ರಮವು ಯಾಸ್ಕನ ನಿರ್ವಚನಗಳನ್ನು ಓದಿದವರಿಗೆ ಹೊಸದಲ್ಲ. ಮರದ ನಡುವೆ ಸೂರ್ಯನಿದ್ದಾನೆಂಬ ಮಾತು ಅನಂತರ ಬರುತ್ತದೆ; ಅದನ್ನೂ ಷೂ ಷೆನ್ ತನ್ನ ಮಾತಾಗಿ ಹೇಳದೆ, ಕುವಾನ್ ಪು ಎಂಬಾತನು ಹೀಗೆನ್ನುತ್ತಾನೆಂದು ಉದ್ಧರಿಸಿದ್ದಾನೆ. ನಿಘಂಟುಕಾರನು ತೋರಿದ ಈ ಎಚ್ಚರಿಕೆಯನ್ನು ಮುಂದಿನವರು ಗಮನಿಸಲಿಲ್ಲ.

ಕುವಾನ್ ಪುವಿನ ಊಹೆಗೆ ಆಸರೆಗಳಿದ್ದುವೆಂಬುದನ್ನು ಮರೆಯಬಾರದು. ಸೂರ್ಯನ ಗುರುತು ಮರದ ಮೇಲಿದ್ದರೆ ‘ಪ್ರಕಾಶ’ವೆಂಬ ಅಕ್ಷರ, ಮರದ ಕೆಳಗಿದ್ದರೆ ‘ಮಬ್ಬುಗತ್ತಲೆ’ ಎಂಬ ಅಕ್ಷರ. ಇವೆರಡೂ ನಿಜವಾಗಿಯೂ ಉಂಟು. ಹಾಗಾದರೆ ಮರದ ನಡುವೆ ಇದ್ದರೆ ಪೂರ್ವವೇಕಾಗಬಾರದು? ಸಾಲದುದಕ್ಕೆ, ಪೂರ್ವಸಮುದ್ರದ ಆಚೆ ಫು-ಸಾಂಗ್ ಎಂಬ ದಿವ್ಯವೃಕ್ಷವಿದ್ದು ಸೂರ್ಯನು ಅಲ್ಲಿಂದ ಮೇಲೇರುವನೆಂಬ ಪುರಾಣವೂ ಇದ್ದಿತು. ಷೂ ಷೆನ್ನನ ಕಾಲದ ಲಿಪಿಯಲ್ಲಿ ಅಕ್ಷರವು ಮರದ ಗುರುತಿನ ನಡುವೆ ಸೂರ್ಯನ ಗುರುತನ್ನು ಹೊಂದಿಸಿದಂತೆಯೇ ಕಾಣುತ್ತದೆ. ಕಣ್ಣು, ವ್ಯಾಕರಣ, ಪುರಾಣ ಮೂರೂ ಒಂದೇ ಸಾಕ್ಷಿಯನ್ನು ನುಡಿದಾಗ ಪಂಡಿತನಾದವನು ಮತ್ತೇನು ಮಾಡಿಯಾನು?

ಸಾಕ್ಷಿಯು ಬದಲಾದುದು 1899ರಲ್ಲಿ. ಔಷಧಕ್ಕಾಗಿ ಮಾರಾಟವಾಗುತ್ತಿದ್ದ ಹಳೆಯ ಮೂಳೆಗಳ ಮೇಲೆ ಪ್ರಾಚೀನ ಲಿಪಿಯಿದೆಯೆಂದು ವಾಂಗ್ ಯಿ-ರುಂಗ್ ಎಂಬ ವಿದ್ವಾಂಸನು ಗುರುತಿಸಿದನು. ಆಮೆಯ ಚಿಪ್ಪುಗಳ ಮೇಲೂ ದನದ ಹೆಗಲಮೂಳೆಗಳ ಮೇಲೂ ಷಾಂಗ್ ಅರಸರು ಕೊರೆಯಿಸಿದ ಪ್ರಶ್ನಶಾಸನಗಳು ಅವು. ಷೂ ಷೆನ್ನನಿಗಿಂತ ಸಾವಿರಕ್ಕೂ ಮಿಕ್ಕ ವರ್ಷಗಳಷ್ಟು ಹಳೆಯವು. 1928ರಿಂದ ಆನ್‌ಯಾಂಗ್‌ನಲ್ಲಿ ಕ್ರಮವಾದ ಉತ್ಖನನವೂ ನಡೆಯಿತು. ಈ ಮೂಳೆಗಳ ಮೇಲೆ ‘ತುಂಗ್’ ಅಕ್ಷರದ ಆಕಾರವೇ ಬೇರೆ. ಎರಡು ತುದಿಗಳನ್ನೂ ಹುರಿಯಿಂದ ಬಿಗಿದ, ನಡು ಉಬ್ಬಿದ ಚೀಲವೊಂದು ಅಲ್ಲಿ ಕಾಣುತ್ತದೆ. ಕಟ್ಟಿನಾಚೆ ಚಾಚಿದ ತುದಿಗಳು ಮುಂದೆ ಕೊಂಬೆಗಳೂ ಬೇರುಗಳೂ ಆದುವು; ಚೀಲದ ಹೊಟ್ಟೆಯು ಸೂರ್ಯನಾಯಿತು. ಇದು ಚೀಲವೆಂದು ಷೂ ಚುಂಗ್-ಷು ಮೊದಲಾದ ವಿದ್ವಾಂಸರು ತೋರಿಸಿದ ಮೇಲೆ ಆ ಮತವೇ ಬಹುಮಟ್ಟಿಗೆ ನೆಲೆನಿಂತಿದೆ. ‘ಭಾರ’ವೆಂಬ ಅರ್ಥದ ‘ಚುಂಗ್’ ಅಕ್ಷರದ ಹಳೆಯ ಕಂಚಿನ ರೂಪದಲ್ಲಿ ಮನುಷ್ಯನೊಬ್ಬನು ಇದೇ ಚೀಲವನ್ನು ಬೆನ್ನಿಗೆ ಹೊತ್ತಿರುವುದನ್ನು ನೋಡಿದರೆ ಸಂದೇಹವು ಇನ್ನಷ್ಟು ಕರಗುತ್ತದೆ. ಮರದೊಡನೆ ಸೂರ್ಯನನ್ನು ಯಾರೂ ಬೆನ್ನಿಗೆ ಹೊರುವುದಿಲ್ಲವಷ್ಟೆ.

ಚೀಲಕ್ಕೂ ಪೂರ್ವದಿಕ್ಕಿಗೂ ಏನು ಸಂಬಂಧ? ಅರ್ಥದ ಸಂಬಂಧ ಏನೂ ಇಲ್ಲ. ದಿಕ್ಕನ್ನು ಚಿತ್ರಿಸುವುದು ಕಷ್ಟ. ಆದುದರಿಂದ ಅದೇ ಧ್ವನಿಯ, ಅಥವಾ ಅದಕ್ಕೆ ಹತ್ತಿರವಾದ ಧ್ವನಿಯ ಬೇರೊಂದು ಶಬ್ದದ ಚಿತ್ರವನ್ನು ಕಡ ತಂದರು. ಷೂ ಷೆನ್ ತಾನೇ ಎಣಿಸಿದ ಆರು ವಿಧದ ಅಕ್ಷರಗಳಲ್ಲಿ ಈ ಎರವಲು ಪದ್ಧತಿಯೂ ಒಂದು. ಕನ್ನಡದಲ್ಲಿ ಇದನ್ನು ಹೀಗೆ ಭಾವಿಸಬಹುದು. ನಮಗೆ ಚಿತ್ರಲಿಪಿಯಿದ್ದು, ‘ಅರಸು’ ಎಂಬ ನಾಮಪದಕ್ಕೆ ಕಿರೀಟಧಾರಿಯೊಬ್ಬನನ್ನು ಬರೆಯುತ್ತಿದ್ದೆವೆಂದಿಟ್ಟುಕೊಳ್ಳೋಣ. ಹುಡುಕು ಎಂಬ ಅರ್ಥದ ‘ಅರಸು’ ಎಂಬ ಕ್ರಿಯಾಪದಕ್ಕೂ ಅದೇ ಚಿತ್ರವು ಸಲ್ಲುತ್ತಿತ್ತು. ಸಾವಿರ ವರ್ಷಗಳ ತರುವಾಯ ವ್ಯಾಖ್ಯಾನಕಾರನೊಬ್ಬನು ಬಂದು, ರಾಜ್ಯಭ್ರಷ್ಟನಾದ ದೊರೆಯು ರಾಜ್ಯವನ್ನು ಹುಡುಕುವುದರಿಂದ ಹುಡುಕುವುದಕ್ಕೆ ಕಿರೀಟದ ಚಿತ್ರ ಬಂದಿತೆಂದು ಬರೆದರೆ, ಅದನ್ನು ಮೆಚ್ಚಿ ಕಾವ್ಯಮೀಮಾಂಸೆ ಕಟ್ಟುವವರೂ ಹುಟ್ಟುತ್ತಿದ್ದರು.

ಷಾಂಗ್ ಶಾಸನಗಳಲ್ಲಿಯೇ ಈ ಅಕ್ಷರವು ಪೂರ್ವದಿಕ್ಕೆಂಬ ಅರ್ಥದಲ್ಲಿ ಬಂದಿದೆ. ನಾಲ್ಕು ದಿಕ್ಕುಗಳಿಗೂ ಅಲ್ಲಿಯ ಗಾಳಿಗಳಿಗೂ ಹೆಸರು ಹೇಳುವ ಪ್ರಸಿದ್ಧವಾದ ಮೂಳೆಯೊಂದುಂಟು. ಎಂದರೆ ನಮಗೆ ದೊರೆಯುವ ಮೊದಲ ದಾಖಲೆಗಳಲ್ಲೇ ಎರವಲು ಮುಗಿದುಹೋಗಿದೆ. ಉಳಿದ ದಿಕ್ಕುಗಳ ಗತಿಯೂ ಹೆಚ್ಚು ಬೇರೆಯಲ್ಲ. ಉತ್ತರದ ಅಕ್ಷರವು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇಬ್ಬರು ಮನುಷ್ಯರು.

ಧ್ವನಿಯ ಸಾಕ್ಷ್ಯವು ಇದಕ್ಕಿಂತಲೂ ಬಲವಾದುದು. ‘ಷುವೊ-ವೆನ್’ ನಿಘಂಟಿನ ಅಕ್ಷರಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವು ಒಂದು ಭಾಗದಿಂದ ಅರ್ಥವರ್ಗವನ್ನೂ ಇನ್ನೊಂದರಿಂದ ಧ್ವನಿಯನ್ನೂ ಸೂಚಿಸುವಂಥವು. ‘ತುಂಗ್’ ಹೀಗೆ ಧ್ವನಿಸೂಚಕವಾಗಿ ಅನೇಕ ಅಕ್ಷರಗಳಲ್ಲಿ ಸೇರಿದೆ. ಮರದ ಗುರುತಿನೊಡನೆ ಸೇರಿ ಮನೆಯ ನಡುತೊಲೆಯಾಗುತ್ತದೆ. ಹಿಮದ ಗುರುತಿನೊಡನೆ ಸೇರಿ ‘ಹೆಪ್ಪುಗಟ್ಟು’ ಎಂಬ ಅರ್ಥವನ್ನು ಕೊಡುತ್ತದೆ. ಎರಡೂ ‘ತುಂಗ್’ ಎಂದೇ ಉಚ್ಚರಿತವಾಗುವುವು. ಕೊಂಬೆಗಳ ನಡುವೆ ಉದಯಸೂರ್ಯನು ಹೊಳೆಯುತ್ತಿದ್ದರೆ ಪಕ್ಕದಲ್ಲಿಯೇ ನೀರು ಹೇಗೆ ಹೆಪ್ಪುಗಟ್ಟಿತೆಂಬುದನ್ನು ಚಿತ್ರವಾದಿಗಳು ವಿವರಿಸಬೇಕಾಗಿದೆ.

ಪ್ರಾಚೀನ ಗೀತಸಂಕಲನವಾದ ‘ಷಿ-ಚಿಂಗ್’ನಲ್ಲಿ ಚಿಕ್ಕ ನಕ್ಷತ್ರಗಳನ್ನು ಕುರಿತ ಪದ್ಯವೊಂದು ‘ತುಂಗ್’ ಎಂಬುದಕ್ಕೆ ‘ಕುಂಗ್’ ‘ಥುಂಗ್’ ಎಂಬ ಶಬ್ದಗಳನ್ನು ಅಂತ್ಯಪ್ರಾಸವಾಗಿ ತಂದಿದೆ. ಕ್ರಿ. ಶ. 601ರಲ್ಲಿ ಲು ಫಾ-ಯೆನ್ ರಚಿಸಿದ ಪ್ರಾಸಕೋಶದಲ್ಲಿಯೂ, ಅದನ್ನು ಹಿಗ್ಗಿಸಿ 1008ರಲ್ಲಿ ಸಿದ್ಧವಾದ ‘ಕ್ವಾಂಗ್-ಯುನ್’ ಎಂಬ 206 ಪ್ರಾಸವರ್ಗಗಳ ಕೋಶದಲ್ಲಿಯೂ ಮೊಟ್ಟಮೊದಲ ವರ್ಗದ ಹೆಸರು ‘ತುಂಗ್’. ಚೀನೀ ಕವಿಗೆ ಈ ಅಕ್ಷರವು ಪ್ರಾಸಶಾಸ್ತ್ರದ ಹೊಸ್ತಿಲು. ಉಚ್ಚಾರಣೆಯನ್ನು ಅಲ್ಲಿ ‘ತೆ’ ಮತ್ತು ‘ಹುಂಗ್’ ಎಂಬ ಎರಡು ಶಬ್ದಗಳಿಂದ ಹೇಳಿದೆ: ಮೊದಲನೆಯದರ ವ್ಯಂಜನವನ್ನೂ ಎರಡನೆಯದರ ಉಳಿದ ಭಾಗವನ್ನೂ ಕೂಡಿಸಿಕೊಳ್ಳಬೇಕು. ಮುಂದೆ ಆದಿವ್ಯಂಜನಗಳನ್ನು ತುಟಿ, ನಾಲಗೆ, ಹಲ್ಲು, ಗಂಟಲುಗಳಿಗೆ ಹಂಚಿ ಕೋಷ್ಟಕ ಹಾಕಿದಾಗ, ಬೌದ್ಧ ಭಿಕ್ಷುಗಳೊಡನೆ ಹೋದ ನಮ್ಮ ವರ್ಣಶಿಕ್ಷೆಯು ಚೀನೀಯರಿಗೆ ನೆರವಾಯಿತು. ಜಪಾನೀಯರ ಬಾಯಲ್ಲಿ ಇದೇ ಅಕ್ಷರವು ‘ತೋ’ ಎಂದು ದೀರ್ಘವಾಯಿತು. 1868ರಲ್ಲಿ ಪೂರ್ವರಾಜಧಾನಿಯೆಂಬ ಅರ್ಥದ ತೋಕ್ಯೋ ಎಂಬ ಹೆಸರು ಹುಟ್ಟಿತು. ವಿಯೆಟ್ನಾಮಿನ ಟೊಂಕಿನ್ ಎಂಬ ಹೆಸರಿನ ಮೂಲದಲ್ಲಿರುವುದೂ ಅವೇ ಎರಡು ಅಕ್ಷರಗಳು.

ಅರ್ಥದ ವಿಸ್ತಾರವು ಚಿತ್ರದಿಂದಲ್ಲ, ಆಚಾರದಿಂದಲೂ ಇತಿಹಾಸದಿಂದಲೂ ಆಯಿತು. ಪ್ರಾಚೀನ ಮರ್ಯಾದೆಯಂತೆ ಮನೆಯ ಯಜಮಾನನು ಪೂರ್ವದ ಮೆಟ್ಟಿಲುಗಳನ್ನೂ ಅತಿಥಿಯು ಪಶ್ಚಿಮದ ಮೆಟ್ಟಿಲುಗಳನ್ನೂ ಏರಬೇಕು. ಕ್ರಿ. ಪೂ. 630ರಲ್ಲಿ ಮುತ್ತಿಗೆಗೆ ಸಿಕ್ಕ ಚೆಂಗ್ ರಾಜ್ಯದ ದೂತನು, ನಮ್ಮನ್ನು ಉಳಿಸಿದರೆ ಪೂರ್ವದ ದಾರಿಯಲ್ಲಿ ನಿಮ್ಮವರಿಗೆ ಆತಿಥ್ಯ ನಡೆಸುವೆವೆಂದು ಛಿನ್ ದೊರೆಯ ಮನಸ್ಸನ್ನು ತಿರುಗಿಸಿದ ಕಥೆಯು ‘ತ್ಸೋ-ಚುವಾನ್’ನಲ್ಲಿದೆ. ಇಂದಿಗೂ ಊಟ ಹಾಕಿಸುವವನು, ಬಾಡಿಗೆಮನೆಯ ಒಡೆಯ, ಕಂಪೆನಿಯ ಷೇರುದಾರ ಇವರೆಲ್ಲರನ್ನೂ ಕರೆಯುವ ಮಾತುಗಳಲ್ಲಿ ‘ತುಂಗ್’ ಇದೆ. ‘ಪೂರ್ವಪಶ್ಚಿಮ’ ಎಂದರೆ ಆಡುಮಾತಿನಲ್ಲಿ ಬರಿಯ ‘ವಸ್ತು’. ಇದಕ್ಕೆ ಹೇಳುವ ಕಥೆಗಳು ಹಲವು, ನಂಬತಕ್ಕವು ಕಡಮೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಮೂಲವು ಚೀಲವೇ ಆಗಲಿ, ಥಾಂಗ್ ಕಾಲದ ಕವಿಗಳು ಷೂ ಷೆನ್ನನನ್ನು ಓದಿದವರು, ಮರದ ನಡುವಣ ಸೂರ್ಯನೇ ಅವರ ಮನಸ್ಸಿನಲ್ಲಿ ಇರಲಿಲ್ಲವೆಂದು ಹೇಗೆ ಹೇಳುವುದು? ನ್ಯಾಯವಾದ ಪ್ರಶ್ನೆ. ಅಕ್ಷರಗಳನ್ನು ಬಿಡಿಸಿ ಒಗಟುಮಾಡುವ ಆಟವು ಚೀನೀಯರಲ್ಲಿ ಇದ್ದೇ ಇದೆ. ಆದರೆ ಆಟವು ಬೇರೆ, ಕಾವ್ಯವ್ಯಾಪಾರವು ಬೇರೆ. ನಿತ್ಯವೂ ಬಳಸುವ ಅಕ್ಷರವನ್ನು ಓದುವಾಗ ಮನಸ್ಸು ಶಬ್ದಕ್ಕೆ ಹೋಗುತ್ತದೆಯೇ ಹೊರತು ಅವಯವಗಳಿಗಲ್ಲ. ನಮ್ಮ ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವ್ಯಂಜನೆಯು ಶಬ್ದಾರ್ಥಗಳ ವ್ಯಾಪಾರ. ಲಿಪಿಗೆ ಅದನ್ನು ವಹಿಸುವುದು ಚಿತ್ರಬಂಧಗಳನ್ನು ಉತ್ತಮಕಾವ್ಯವೆಂದಂತೆ. ಮೂಳೆಗಳ ಅಧ್ಯಯನವು ಮೊಳಕೆಯಲ್ಲಿದ್ದಾಗಲೇ ತೀರಿಕೊಂಡ ಫೆನೊಲೋಸಾನನ್ನು ದೂರುವುದು ಸಲ್ಲದು. 1962ರಲ್ಲಿ ಜೇಮ್ಸ್ ಲಿಯು ತನ್ನ ಚೀನೀ ಕಾವ್ಯಮೀಮಾಂಸೆಯ ಆರಂಭದಲ್ಲಿಯೇ ಈ ಭ್ರಮೆಯನ್ನು ಬಿಡಿಸಿದ ಮೇಲೂ ಅದನ್ನು ಒಪ್ಪಿಸುವವರಿಗೆ ಆ ರಿಯಾಯಿತಿಯಿಲ್ಲ. ‘ಕ್ಯಾಥೇ’ಯ ಬೆಲೆಯಾದರೂ ಇದರಿಂದ ಕುಗ್ಗುವುದಿಲ್ಲ. ಅದರ ಶಕ್ತಿಯು ಇಂಗ್ಲಿಷಿನ ಲಯದಲ್ಲಿದೆ.

ಹಾಗಾದರೆ ಚೀನೀ ಕವಿತೆಯಲ್ಲಿ ‘ತುಂಗ್’ ಏನನ್ನು ಧ್ವನಿಸುತ್ತದೆ? ರಾಜ್ಯವನ್ನು ಕಳೆದುಕೊಂಡು ಸೋಂಗ್ ರಾಜಧಾನಿಯಲ್ಲಿ ಸೆರೆಯಾಗಿದ್ದು 978ರಲ್ಲಿ ಮಡಿದ ಲಿ ಯು ಎಂಬ ದೊರೆಯ, ‘ಯು ಮೈ-ರೆನ್’ ಎಂಬ ಮಟ್ಟಿನ ಎಂಟು ಸಾಲಿನ ಪದ್ಯವನ್ನು ನೋಡಬಹುದು. ಅದರಲ್ಲಿ ಈ ಅಕ್ಷರವು ಎರಡು ಸಲ ಬರುತ್ತದೆ. ಮೊದಲ ಸಲ ಗಾಳಿಯೊಡನೆ: ಪೂರ್ವದ ಗಾಳಿಯೆಂದರೆ ಚೀನೀ ಕಾವ್ಯದಲ್ಲಿ ವಸಂತ, ಅದು ಸೆರೆಮನೆಗೂ ತಪ್ಪದೆ ಮರಳಿ ಬರುತ್ತದೆ. ಎರಡನೆಯ ಸಲ ನದಿಯೊಡನೆ: ಚೀನದ ಮಹಾನದಿಗಳು ಹರಿಯುವುದು ಪೂರ್ವಕ್ಕೆ, ಹೋದ ನೀರು ಹಿಂದಿರುಗುವುದಿಲ್ಲ, ದೊರೆಯ ದುಃಖಕ್ಕೆ ಆ ನೀರೇ ಉಪಮಾನ. ಒಂದೇ ದಿಕ್ಕಿನಿಂದ ಬರುವುದು ಬಂದೇ ಬರುತ್ತದೆ, ಅದೇ ದಿಕ್ಕಿಗೆ ಹೋದುದು ಮತ್ತೆ ಬಾರದು. ಗಾಳಿಯೆಂಬ ಶಬ್ದವೂ ಪ್ರಾಸಕೋಶದ ‘ತುಂಗ್’ ವರ್ಗಕ್ಕೇ ಸೇರಿದುದು. ಪೆಕಿಂಗ್ ಉಚ್ಚಾರಣೆಯಲ್ಲಿ ಅದು ‘ಫೆಂಗ್’ ಎಂದು ಬದಲಾಗಿದ್ದರೂ ಕ್ಯಾಂಟನ್ನಿನವರು ಇಂದಿಗೂ ‘ತುಂಗ್ ಫುಂಗ್’ ಎಂದು ಎರಡನ್ನೂ ಒಂದೇ ಮೊಳಗಿನಲ್ಲಿ ನುಡಿಯುತ್ತಾರೆ.