ಪಹಣಿ ಯಾರ ಹೆಸರಲ್ಲಿತ್ತು?

‘ಬಂಗಾರದ ಮನುಷ್ಯ’ ನೋಡಿ ಪೇಟೆ ಬಿಟ್ಟು ಊರಿಗೆ ವಾಪಸ್ ಹೋದವರ ಕಥೆ ಎಲ್ಲರೂ ಕೇಳಿರ್ತೀವಿ. ಆಗಿನವರಿಗೆ ರಾಜಕುಮಾರ್ ಬಂಡೆ ಒಡೆದು ಬೆಳೆ ತೆಗೆದದ್ದೇ ಸಿನಿಮಾ. ಚಿತ್ರ ಬಂದದ್ದು 1972ರ ಮಾರ್ಚ್‌ನಲ್ಲಿ. ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾದದ್ದೂ ಅದೇ ತಿಂಗಳು. ಗೇಣಿದಾರರಿಗೆ ಭೂಮಿ ಕೊಡುವ ಅವರ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ.

ಈಗ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಯೋ ಮನೆಗಳಿಂದ ಬೆಂಗಳೂರಿಗೆ ಬಂದ ನನ್ನ ಗೆಳೆಯರು ಅದನ್ನೇ ಮೊಬೈಲಲ್ಲಿ ನೋಡಿ ಕೇಳೋದು ಒಂದೇ: ‘ಅಲ್ಲ ಗುರು, ಅಕ್ಕನ ಮಗ ಅಷ್ಟು ಅಂದ್ರೂ ಈ ರಾಜೀವ ಸುಮ್ನೆ ಎದ್ದು ಹೋಗೋದಾ? ಪಹಣಿ ಯಾರ ಹೆಸರಲ್ಲಿತ್ತು?’

ಹಿರಿಯರಿಗೆ ಇದು ಅಪಚಾರ ಅನಿಸಬಹುದು. ನನಗಂತೂ ಇದೇ ಒಳ್ಳೆ ವಿಮರ್ಶೆ. ನಿರ್ದೇಶಕ ಸಿದ್ಧಲಿಂಗಯ್ಯ ತ್ಯಾಗವನ್ನ ಎಷ್ಟು ಚಂದ ತೋರಿಸಿದ್ದಾರೆ ಅಂದ್ರೆ, ದುಡಿದವನು ಬರಿಗೈಲಿ ಹೋದ ಅನ್ನೋದೇ ಕಣ್ಣಿಗೆ ಬೀಳಲ್ಲ. ಅದೂ ಉಳುವವನೇ ಹೊಲದೊಡೆಯ ಅಂತಿದ್ದ ಕಾಲದಲ್ಲಿ!